ಸಿ ಭಾಷೆಯಲ್ಲಿ ವೆಬ್‌ಸಾಕೆಟ್: ಕಾಲ್‌ಬ್ಯಾಕ್‌ಗೆ ಬರುವುದು ಮೆಸೇಜ್ ಅಲ್ಲ, ತುಂಡು

ಹೋದ ವರ್ಷ ಒಂದು ಸಂಜೆ ಪೂರ್ತಿ ನಾನು ಫಾಂಟ್ ಜೊತೆ ಗುದ್ದಾಡಿದೆ. ಸಿ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಂ ಅದು. ವೆಬ್‌ಸಾಕೆಟ್‌ನಲ್ಲಿ (ಸರ್ವರ್ ಜೊತೆ ತೆರೆದೇ ಇರುವ, ಎರಡೂ ಕಡೆಯಿಂದ ಮೆಸೇಜ್ ಕಳಿಸಬಹುದಾದ ಕನೆಕ್ಷನ್) ಬರುವ ಕನ್ನಡ ಬರಹವನ್ನು ಟರ್ಮಿನಲ್‌ನಲ್ಲಿ ತೋರಿಸಬೇಕು, ಅಷ್ಟೇ ಕೆಲಸ. ಚಿಕ್ಕ ಮೆಸೇಜ್‌ಗಳೆಲ್ಲ ಚೆನ್ನಾಗಿಯೇ ಬರುತ್ತಿದ್ದವು. ದೊಡ್ಡದು ಬಂದರೆ ಮಾತ್ರ ನಡುವೆ ಎಲ್ಲೋ ಒಂದು ಅಕ್ಷರ ಒಡೆದು, ಆ ಜಾಗದಲ್ಲಿ ಪ್ರಶ್ನೆ ಚಿಹ್ನೆ ಹೊತ್ತ ಕಪ್ಪು ಗುರುತು. ಫಾಂಟ್ ಬದಲಿಸಿದೆ, ಟರ್ಮಿನಲ್ ಬದಲಿಸಿದೆ, ಲೊಕೇಲ್ ಬದಲಿಸಿದೆ, ಟೀ ಎರಡು ಸಲ ಆಯಿತು. ತಪ್ಪು ಇದ್ದದ್ದು ನನ್ನ ಕಾಲ್‌ಬ್ಯಾಕ್‌ನಲ್ಲಿ, ಅಂದರೆ ಡೇಟಾ ಬಂದಾಗ ಕರೆ ಅಂತ ಲೈಬ್ರರಿಗೆ ಕೊಟ್ಟಿದ್ದ ಫಂಕ್ಷನ್‌ನಲ್ಲಿ. ಅದನ್ನು ಒಂದು ಸಲ ಕರೆದರೆ ಒಂದು ಮೆಸೇಜ್ ಬಂತು ಅಂತ ನಾನು ನಂಬಿಕೊಂಡಿದ್ದೆ.

ಹಾಗೆ ನಂಬಬೇಡಿ. ಇವತ್ತು ಹೇಳುವುದರಲ್ಲಿ ಮುಖ್ಯವಾದದ್ದು ಅದೊಂದೇ. ಉಳಿದದ್ದೆಲ್ಲ ಅದನ್ನು ಕೋಡ್‌ನಲ್ಲಿ ಹೇಗೆ ಕೂರಿಸುವುದು ಅನ್ನುವ ವಿವರ.

ನೆಟ್‌ವರ್ಕ್ ಕೆಲಸಕ್ಕೆ ಬಳಸುವ ಲಿಬ್‌ಕರ್ಲ್ ಅನ್ನುವ ಸಿ ಲೈಬ್ರರಿ ಇಟ್ಟುಕೊಂಡು ವಿವರಿಸುತ್ತೇನೆ, ಯಾಕೆಂದರೆ ಅದು ಹೇಗೂ ಎಲ್ಲರ ಮಷೀನ್‌ನಲ್ಲಿ ಇರುತ್ತದೆ. ಫಂಕ್ಷನ್ ಹೆಸರುಗಳನ್ನು ಪಕ್ಕದಲ್ಲಿ ಕೂತವರಿಗೆ ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವಾಗ ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿಕೊಳ್ಳಿ. ಕರ್ಲಾಪ್ಟ್ ಅಂತ ಶುರುವಾಗುವ ಹೆಸರುಗಳೆಲ್ಲ ದೊಡ್ಡಕ್ಷರದಲ್ಲಿ ಇರುತ್ತವೆ.

ಮೊದಲು ನಿಮ್ಮ ಲೈಬ್ರರಿ ನೋಡಿಕೊಳ್ಳಿ

ಲಿಬ್‌ಕರ್ಲ್‌ಗೆ ವೆಬ್‌ಸಾಕೆಟ್ ಬಂದದ್ದು 7.86.0 ವರ್ಷನ್‌ನಲ್ಲಿ, 2022ರ ಅಕ್ಟೋಬರ್‌ನಲ್ಲಿ. ಆಗ ಅದು ಪ್ರಯೋಗದ ಹಂತದಲ್ಲಿತ್ತು, ಬಿಲ್ಡ್ ಮಾಡುವಾಗ ನಾವೇ ಆನ್ ಮಾಡಬೇಕಿತ್ತು. 2024ರ ನವೆಂಬರ್‌ನಲ್ಲಿ ಬಂದ 8.11.0ರಿಂದ ಅದು ಮಾಮೂಲಿ ಸೌಲಭ್ಯ. ನಡುವಿನ ವರ್ಷನ್ ನಿಮ್ಮಲ್ಲಿದ್ದರೆ ಇರಲೂಬಹುದು, ಇಲ್ಲದೆಯೂ ಇರಬಹುದು. ಸುಮ್ನೆ ಊಹಿಸುವುದು ಬೇಡ. ಟರ್ಮಿನಲ್‌ನಲ್ಲಿ ಕರ್ಲ್-ಕಾನ್ಫಿಗ್ ಕಮಾಂಡಿಗೆ ಪ್ರೋಟೋಕಾಲ್ಸ್ ಅನ್ನುವ ಆಪ್ಷನ್ ಕೊಟ್ಟು ಓಡಿಸಿ. ಪಟ್ಟಿಯಲ್ಲಿ ಡಬ್ಲ್ಯೂಎಸ್ (ಮಾಮೂಲಿ ವೆಬ್‌ಸಾಕೆಟ್) ಮತ್ತು ಡಬ್ಲ್ಯೂಎಸ್‌ಎಸ್ (ಎನ್‌ಕ್ರಿಪ್ಟ್ ಆದದ್ದು) ಎರಡೂ ಕಂಡರೆ ಮುಂದೆ ಹೋಗಿ. ಕಾಣದಿದ್ದರೆ ಹೊಸ ಲಿಬ್‌ಕರ್ಲ್ ಹಾಕಿಕೊಳ್ಳಿ. ಆ ಕಮಾಂಡೇ ಇಲ್ಲ ಅಂದರೆ ಡೆವಲಪ್‌ಮೆಂಟ್ ಪ್ಯಾಕೇಜ್ ಹಾಕಿಲ್ಲ ಅಂತ ಅರ್ಥ.

ನನ್ನ ಮಷೀನ್‌ನಲ್ಲಿ ಇದ್ದರೆ ಪ್ರೋಗ್ರಾಂ ಓಡುವ ಕಡೆಯೂ ಇರಬೇಕು ಅಂತೇನಿಲ್ಲ ಅನ್ನುವುದನ್ನು ಮರೆಯಬೇಡಿ. ಅಲ್ಲಿ ಇಲ್ಲದಿದ್ದರೆ ಕರ್ಲ್ ಈಸಿ ಪರ್ಫಾರ್ಮ್ ತಪ್ಪು ಸಂಖ್ಯೆ 1 ಕೊಟ್ಟು ಕೂರುತ್ತದೆ. ಇಂಥ ಪ್ರೋಟೋಕಾಲ್ ನನಗೆ ಗೊತ್ತಿಲ್ಲ ಅನ್ನುವುದು ಅದರ ಅರ್ಥ.

ಕಾಲ್‌ಬ್ಯಾಕ್ ಅಂದರೆ ಟೈಲರ್ ಅಂಗಡಿಯ ಲೆಕ್ಕ

ಬಟ್ಟೆ ಹೊಲಿಯಲು ಕೊಟ್ಟು ಫೋನ್ ನಂಬರ್ ಬರೆಸಿ ಬರುತ್ತೇವೆ, ಅಲ್ವಾ? ರೆಡಿ ಆಯಿತಾ ಅಂತ ದಿನಾ ಹೋಗಿ ಕೇಳುವುದಿಲ್ಲ, ಅವರೇ ಕರೆ ಮಾಡುತ್ತಾರೆ. ಇಲ್ಲಿ ಫೋನ್ ನಂಬರ್ ಅಂದರೆ ನಿಮ್ಮ ಫಂಕ್ಷನ್‌ನ ಪಾಯಿಂಟರ್. ಅದನ್ನು ಕರ್ಲಾಪ್ಟ್ ರೈಟ್‌ಫಂಕ್ಷನ್ ಮೂಲಕ ಕೊಡುತ್ತೀರಿ. ರಸೀದಿಯ ಮೇಲೆ ಒಂದು ನಂಬರ್ ಕೂಡ ಇರುತ್ತದೆ, ಕರೆ ಮಾಡಿದವರು ಅದನ್ನು ಓದಿ ಹೇಳುತ್ತಾರೆ, ಇದು ಯಾರ ಬಟ್ಟೆ ಅಂತ ನಿಮಗೆ ಗೊತ್ತಾಗುತ್ತದೆ. ಆ ರಸೀದಿ ನಂಬರ್ ಅಂದರೆ ಕರ್ಲಾಪ್ಟ್ ರೈಟ್‌ಡೇಟಾ. ನೀವು ಕೊಟ್ಟ ಪಾಯಿಂಟರ್ ಅನ್ನು ಲಿಬ್‌ಕರ್ಲ್ ತೆರೆದೂ ನೋಡುವುದಿಲ್ಲ. ಪ್ರತಿ ಕರೆಯಲ್ಲೂ ಹಾಗೇ ವಾಪಸ್ ಕೊಡುತ್ತದೆ.

ಇದರಿಂದ ಗ್ಲೋಬಲ್ ವೇರಿಯಬಲ್‌ಗಳ ಕಾಟ ತಪ್ಪುತ್ತದೆ. ಒಂದು ಸ್ಟ್ರಕ್ಟ್ ಮಾಡಿಕೊಳ್ಳಿ, ನಾನು ಅದನ್ನು ಡಬ್ಬಿ ಅನ್ನುತ್ತೇನೆ. ಅದರೊಳಗೆ ಕರ್ಲ್ ಹ್ಯಾಂಡಲ್ (ಕರ್ಲ್ ಈಸಿ ಇನಿಟ್ ಕೊಡುವ ಪಾಯಿಂಟರ್), ಬೈಟ್‌ಗಳನ್ನು ತುಂಬಲು ಬಫರ್, ಎಷ್ಟು ತುಂಬಿದೆ, ಒಟ್ಟು ಎಷ್ಟು ಹಿಡಿಸುತ್ತದೆ, ಮತ್ತೆ ಕನೆಕ್ಷನ್ ಯಾಕೆ ಮುಗಿಯಿತು ಅಂತ ಹೇಳುವ ಕ್ಲೋಸ್ ಕೋಡ್‌ಗೆ ಒಂದು ಜಾಗ. ಹ್ಯಾಂಡಲ್ ಯಾಕೆ ಬೇಕು ಅಂದರೆ, ಕಾಲ್‌ಬ್ಯಾಕ್‌ಗೆ ಲಿಬ್‌ಕರ್ಲ್ ಅದನ್ನು ತಾನಾಗಿ ಕೊಡುವುದಿಲ್ಲ. ಆದರೆ ಬಂದ ತುಂಡು ಎಂಥದ್ದು ಅಂತ ಕೇಳಲು ಅದು ಬೇಕೇ ಬೇಕು.

ಜೋಡಣೆ

ಇದು ಬೇಗ ಮುಗಿಯುತ್ತದೆ. ಕರ್ಲ್ ಗ್ಲೋಬಲ್ ಇನಿಟ್, ಆಮೇಲೆ ಕರ್ಲ್ ಈಸಿ ಇನಿಟ್. ಕರ್ಲ್ ಈಸಿ ಸೆಟಾಪ್ಟ್ ಅನ್ನುವ ಫಂಕ್ಷನ್‌ನಿಂದ ವಿಳಾಸ ಕೊಡಿ, ಅದು ಡಬ್ಲ್ಯೂಎಸ್ ಅಥವಾ ಡಬ್ಲ್ಯೂಎಸ್‌ಎಸ್‌ನಿಂದ ಶುರುವಾಗಬೇಕು. ರೈಟ್‌ಫಂಕ್ಷನ್ ಕೊಡಿ, ರೈಟ್‌ಡೇಟಾಗೆ ಡಬ್ಬಿಯ ವಿಳಾಸ ಕೊಡಿ. ಆಮೇಲೆ ಕರ್ಲ್ ಈಸಿ ಪರ್ಫಾರ್ಮ್. ಅಷ್ಟೇ.

ಪರ್ಫಾರ್ಮ್ ಇಲ್ಲಿ ಮಾಮೂಲಿ ಡೌನ್‌ಲೋಡ್ ಹಾಗೆ ಚಟ್ ಅಂತ ಮುಗಿಯುವುದಿಲ್ಲ. ಕನೆಕ್ಷನ್ ಇರುವವರೆಗೂ ಅದು ಒಳಗೇ ಕೂತಿರುತ್ತದೆ, ಡೇಟಾ ಬಂದಾಗೆಲ್ಲ ನಿಮ್ಮ ಫಂಕ್ಷನ್ ಕರೆಯುತ್ತದೆ. ಅದರ ಮುಂದಿನ ಸಾಲಿನಲ್ಲಿ ನೀವು ಬರೆದ ಕೋಡ್ ಓಡುವುದು ಕನೆಕ್ಷನ್ ಹೋದ ಮೇಲೆಯೇ. ಕನೆಕ್ಟ್ ಓನ್ಲಿ ಅನ್ನುವ ಇನ್ನೊಂದು ಆಪ್ಷನ್ ಇದೆ, ಅದಕ್ಕೆ 2 ಅಂತ ಕೊಟ್ಟರೆ ಕಾಲ್‌ಬ್ಯಾಕ್ ಇರುವುದಿಲ್ಲ, ನೀವೇ ಕರ್ಲ್ ಡಬ್ಲ್ಯೂಎಸ್ ರಿಸೀವ್ (ಟೈಪ್ ಮಾಡುವಾಗ curl_ws_recv) ಕರೆದು ಡೇಟಾ ಎಳೆದುಕೊಳ್ಳಬೇಕು. ಎರಡನ್ನೂ ಬೆರೆಸಬೇಡಿ. ಎಲ್ಲೋ ಸಿಕ್ಕಿದ ಎರಡು ಉದಾಹರಣೆಗಳನ್ನು ಅಂಟಿಸಿ, ಕಾಲ್‌ಬ್ಯಾಕ್ ಯಾಕೆ ಬರುತ್ತಿಲ್ಲ ಅಂತ ತಲೆ ಕೆರೆದುಕೊಂಡವರನ್ನು ನೋಡಿದ್ದೇನೆ.

ವೆಬ್‌ಸಾಕೆಟ್ ಮೊದಲು ಸಾಮಾನ್ಯ ಎಚ್‌ಟಿಟಿಪಿ ಕೋರಿಕೆಯಾಗಿಯೇ ಹೋಗುತ್ತದೆ. ಸರ್ವರ್ 101 ಅಂತ ಉತ್ತರ ಕೊಟ್ಟರೆ ಮಾತ್ರ ಬಾಗಿಲು ತೆರೆಯಿತು ಅಂತ. 401, 404 ಬಂದರೆ ಇರಲಿ, 200 ಬಂದರೂ ಅದು ವೆಬ್‌ಸಾಕೆಟ್ ಅಲ್ಲ, ಪರ್ಫಾರ್ಮ್ 22 ಅನ್ನುವ ತಪ್ಪು ಕೊಟ್ಟು ವಾಪಸ್ ಬರುತ್ತದೆ. ಆಗ ಕಾಲ್‌ಬ್ಯಾಕ್‌ನಲ್ಲಿ ತಪ್ಪು ಹುಡುಕುತ್ತಾ ಕೂರಬೇಡಿ. ವಿಳಾಸ, ಟೋಕನ್, ಹೆಡರ್ ನೋಡಿ. ಕರ್ಲಾಪ್ಟ್ ವರ್ಬೋಸ್ ಆನ್ ಮಾಡಿದರೆ ಎಲ್ಲ ಕಣ್ಣೆದುರಿಗೆ ಬರುತ್ತದೆ.

ಕಾಲ್‌ಬ್ಯಾಕ್ ಕೈಗೆ ಏನು ಸಿಗುತ್ತದೆ

ನಾಲ್ಕು ಸಿಗುತ್ತವೆ. ಬೈಟ್‌ಗಳ ಪಾಯಿಂಟರ್, ಸೈಜ್, ಎಷ್ಟು ಅನ್ನುವ ಸಂಖ್ಯೆ, ನಿಮ್ಮ ಡಬ್ಬಿ. ಸೈಜ್ ಯಾವಾಗಲೂ 1. ಹಳೇ ಸಿ ಲೈಬ್ರರಿಯ ಎಫ್‌ರೈಟ್ ಫಂಕ್ಷನ್‌ನ ರೂಪವನ್ನೇ ಇಟ್ಟುಕೊಂಡದ್ದರಿಂದ ಅದು ಅಲ್ಲಿ ಉಳಿದಿದೆ. ಎರಡನ್ನೂ ಗುಣಿಸಿದರೆ ಉದ್ದ ಸಿಗುತ್ತದೆ.

ಈ ಬೈಟ್‌ಗಳ ಕೊನೆಯಲ್ಲಿ ಸೊನ್ನೆ ಇರುವುದಿಲ್ಲ. ಅದನ್ನು ಸ್ಟ್ರಿಂಗ್ ಅಂದುಕೊಂಡು ಸ್ಟ್ರ್‌ಲೆನ್‌ಗೆ ಕೊಟ್ಟರೆ ಅದು ಎಲ್ಲೋ ಒಂದು ಸೊನ್ನೆ ಸಿಗುವವರೆಗೂ ಪಕ್ಕದ ಮೆಮೊರಿಯೊಳಗೆ ನಡೆದುಕೊಂಡು ಹೋಗುತ್ತದೆ. ಹತ್ತು ಸಲ ಏನೂ ಆಗದೆ ಹನ್ನೊಂದನೇ ಸಲ ಪ್ರೋಗ್ರಾಂ ಬೀಳುತ್ತದೆ, ಅದೂ ಬೇರೆಯವರಿಗೆ ತೋರಿಸುವಾಗಲೇ. ಇನ್ನೊಂದು, ಆ ಪಾಯಿಂಟರ್‌ಗೆ ಬೆಲೆ ಇರುವುದು ನಿಮ್ಮ ಫಂಕ್ಷನ್ ಮುಗಿಯುವವರೆಗೆ ಮಾತ್ರ. ಆಮೇಲೆ ನೋಡೋಣ ಅಂತ ಪಾಯಿಂಟರ್ ಎತ್ತಿಟ್ಟುಕೊಂಡರೆ, ಆಮೇಲೆ ನೋಡುವಾಗ ಅಲ್ಲಿ ಬೇರೆ ಯಾರದ್ದೋ ಡೇಟಾ ಇರುತ್ತದೆ. ಬೇಕಾದ್ದನ್ನು ನಕಲು ಮಾಡಿಕೊಳ್ಳಿ.

ಈಗ ಬಂದ ತುಂಡಿನ ಜಾತಕ. ಕರ್ಲ್ ಡಬ್ಲ್ಯೂಎಸ್ ಮೆಟಾ ಅನ್ನುವ ಫಂಕ್ಷನ್‌ಗೆ ಹ್ಯಾಂಡಲ್ ಕೊಟ್ಟರೆ ಒಂದು ಸ್ಟ್ರಕ್ಟ್‌ನ ಪಾಯಿಂಟರ್ ಕೊಡುತ್ತದೆ. ಇದನ್ನು ಕಾಲ್‌ಬ್ಯಾಕ್ ಒಳಗಿಂದ ಮಾತ್ರ ಕೇಳಬೇಕು. ಅದರಲ್ಲಿ ನಮಗೆ ಮೂರು ಮುಖ್ಯ. (ವೆಬ್‌ಸಾಕೆಟ್‌ನಲ್ಲಿ ಡೇಟಾ ಹೋಗುವ ಪೊಟ್ಟಣಕ್ಕೆ ಫ್ರೇಮ್ ಅನ್ನುತ್ತಾರೆ.) ಆಫ್‌ಸೆಟ್ ಅಂದರೆ ಈ ತುಂಡು ಫ್ರೇಮ್‌ನಲ್ಲಿ ಎಲ್ಲಿಂದ ಶುರು. ಬೈಟ್ಸ್‌ಲೆಫ್ಟ್ ಅಂದರೆ ಈ ತುಂಡಾದ ಮೇಲೆ ಇದೇ ಫ್ರೇಮ್‌ನಲ್ಲಿ ಇನ್ನೆಷ್ಟು ಬಾಕಿ. ಫ್ಲಾಗ್ಸ್ ಅಂದರೆ ಇದು ಟೆಕ್ಸ್ಟಾ, ಬೈನರಿಯಾ, ಕ್ಲೋಸಾ, ಪಾಂಗಾ, ಮತ್ತೆ ಇದೇ ಮೆಸೇಜಿನ ಇನ್ನೊಂದು ಫ್ರೇಮ್ ಹಿಂದೆ ಬರುತ್ತಿದೆಯಾ. ಈ ಕೊನೆಯದಕ್ಕೆ ಕಂಟ್ ಅಂತ ಹೆಸರು.

ಮೆಸೇಜ್ ಎರಡು ರೀತಿ ಒಡೆಯುತ್ತದೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಒಂದನೆಯದು, ಕಳಿಸುವವರೇ ಒಡೆಯುವುದು. 2011ರಲ್ಲಿ ಬಂದ ಆರ್‌ಎಫ್‌ಸಿ 6455 ವೆಬ್‌ಸಾಕೆಟ್‌ನ ನಿಯಮಗಳ ಪುಸ್ತಕ ಇದ್ದ ಹಾಗೆ. ಅದರ ಪ್ರಕಾರ ಒಂದು ಮೆಸೇಜನ್ನು ಎಷ್ಟು ಫ್ರೇಮ್ ಆಗಿ ಬೇಕಾದರೂ ಕಳಿಸಬಹುದು. ಎರಡನೆಯದು, ದಾರಿಯಲ್ಲಿ ಒಡೆಯುವುದು. ಒಂದೇ ಫ್ರೇಮ್ ಆದರೂ ನೆಟ್‌ವರ್ಕ್‌ನಿಂದ ಬಂದಷ್ಟು ಬಂದ ಹಾಗೆ ಲಿಬ್‌ಕರ್ಲ್ ನಿಮಗೆ ದಾಟಿಸುತ್ತದೆ, ಒಂದು ಕರೆಗೆ ಹೆಚ್ಚೆಂದರೆ ಮಾಮೂಲಿಯಾಗಿ 16384 ಬೈಟ್. ಬೈಟ್ಸ್‌ಲೆಫ್ಟ್ ಹೇಳುವುದು ಎರಡನೇ ಒಡೆತದ ಬಗ್ಗೆ ಮಾತ್ರ, ಕಂಟ್ ಹೇಳುವುದು ಮೊದಲನೆಯದರ ಬಗ್ಗೆ ಮಾತ್ರ. ಒಂದನ್ನೇ ನೋಡಿದರೆ ಸಾಲದು. ಬಾಕಿ ಸೊನ್ನೆ ಆಗಿರಬೇಕು, ಕಂಟ್ ಇರಬಾರದು, ಆಗ ಮಾತ್ರ ಮೆಸೇಜ್ ಪೂರ್ತಿ.

ಈಗ ನನ್ನ ಕಪ್ಪು ಗುರುತಿನ ಕಥೆಗೆ ಬನ್ನಿ. ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. 'ಕ' ಅಂದರೆ 224, 178, 149. 'ಕನ್ನಡ' ಅನ್ನುವುದು ಕಣ್ಣಿಗೆ ಮೂರು ಅಕ್ಷರ, ಆದರೆ ಒಳಗೆ ಕ, ನ, ವಿರಾಮ, ನ, ಡ ಅಂತ ಐದು ಸಂಕೇತ, ಅಂದರೆ 15 ಬೈಟ್. 16384ನ್ನು 3ರಿಂದ ಭಾಗಿಸಿದರೆ 1 ಉಳಿಯುತ್ತದೆ. ಹಾಗಾಗಿ ಉದ್ದಕ್ಕೆ ಬರೀ ಕನ್ನಡ ಅಕ್ಷರವೇ ಇದ್ದರೆ, ಮೊದಲ ತುಂಡಿನ ಕೊನೆಗೆ 5461 ಪೂರ್ತಿ ಸಂಕೇತ ಆಗಿ, ಮುಂದಿನದರ 224 ಅನ್ನುವ ಒಂದು ಬೈಟ್ ಮಾತ್ರ ಅಂಟಿಕೊಂಡಿರುತ್ತದೆ. ಅದರ ಉಳಿದ ಎರಡು ಬೈಟ್ ಮುಂದಿನ ಕರೆಯಲ್ಲಿ. ನಾನು ಪ್ರತಿ ಕರೆಯ ಕೊನೆಗೂ ಅಂದವಾಗಿ ಒಂದು ಹೊಸ ಸಾಲು ಪ್ರಿಂಟ್ ಮಾಡುತ್ತಿದ್ದೆ. ಅಕ್ಷರದ ಹೊಟ್ಟೆಯೊಳಗೆ ಹೊಸ ಸಾಲು ತುರುಕಿದರೆ ಟರ್ಮಿನಲ್ ಇನ್ನೇನು ಮಾಡಬೇಕು?

ಇಂಗ್ಲಿಷ್ ಮೆಸೇಜ್ ಆಗಿದ್ದರೆ ಈ ತಪ್ಪು ಹೀಗೆ ಕಣ್ಣಿಗೆ ಹೊಡೆಯುತ್ತಲೇ ಇರಲಿಲ್ಲ, ಅಲ್ಲಿ ಅಕ್ಷರಕ್ಕೆ ಒಂದೇ ಬೈಟ್. ಸಾಲು ಒಂದು ಕಡೆ ಮುರಿದಂತೆ ಕಾಣುತ್ತಿತ್ತು, ನಾನೂ ಬಿಟ್ಟುಬಿಡುತ್ತಿದ್ದೆನೋ ಏನೋ. ಹಾಗಾಗಿ ಟೆಸ್ಟ್ ಮಾಡುವಾಗ ಯಾವಾಗಲೂ ಕನ್ನಡದಲ್ಲೇ ಮಾಡಿ, ತಪ್ಪುಗಳು ಬೇಗ ಸಿಗುತ್ತವೆ. ಅಂದ ಹಾಗೆ, ಫ್ರೇಮ್ ನಡುವೆ ಅಕ್ಷರ ಒಡೆಯುವುದನ್ನು ನಿಯಮವೇ ಒಪ್ಪುತ್ತದೆ. ಪೂರ್ತಿ ಮೆಸೇಜ್ ಸರಿಯಾದ ಯುಟಿಎಫ್-8 ಆಗಿದ್ದರೆ ಆಯಿತು. ಅದನ್ನು ಪರೀಕ್ಷಿಸುವ ಕೆಲಸ ಲಿಬ್‌ಕರ್ಲ್ ಮಾಡುವುದಿಲ್ಲ, ನಿಮ್ಮದೇ.

ಡಬ್ಬಿ ತುಂಬುವ ಕ್ರಮ

ಕಾಲ್‌ಬ್ಯಾಕ್ ಒಳಗಿನ ಕೆಲಸವನ್ನು ಕನ್ನಡದಲ್ಲೇ ಬರೆದರೆ ಹೀಗೆ:

    ತುಂಡು_ಬಂತು (ಬೈಟ್‌ಗಳು, 1, ಉದ್ದ, ಡಬ್ಬಿ)
        ಮೆಟಾ = ಹ್ಯಾಂಡಲ್ ಕೊಟ್ಟು ಕೇಳು
        ಮೆಟಾ ಸಿಗದಿದ್ದರೆ → ತಪ್ಪು ಅಂತ ಹೇಳಿ ಹೊರಡು
        ಪಿಂಗ್ ಅಥವಾ ಪಾಂಗ್ ಆಗಿದ್ದರೆ → ಉದ್ದ ಹಿಂದಿರುಗಿಸು
        ಕ್ಲೋಸ್ ಆಗಿದ್ದರೆ → ಕೋಡ್ ಬರೆದಿಟ್ಟುಕೊ, ಉದ್ದ ಹಿಂದಿರುಗಿಸು
        ಡಬ್ಬಿ ಮಿತಿ ಮೀರುವಂತಿದ್ದರೆ → ತಪ್ಪು ಅಂತ ಹೇಳಿ ಹೊರಡು
        ಬೈಟ್‌ಗಳನ್ನು ಡಬ್ಬಿಯ ಕೊನೆಗೆ ನಕಲು ಮಾಡು
        ಬಾಕಿ 0 ಇದ್ದು, ಕಂಟ್ ಇಲ್ಲದಿದ್ದರೆ
            ಪೂರ್ತಿ ಮೆಸೇಜ್ ಕ್ಯೂಗೆ ಹಾಕು
            ಡಬ್ಬಿ ಖಾಲಿ ಮಾಡು
        ಉದ್ದ ಹಿಂದಿರುಗಿಸು

ಪಿಂಗ್ (ಇದ್ದೀಯಾ ಅಂತ ಕೇಳುವುದು), ಪಾಂಗ್ (ಅದಕ್ಕೆ ಉತ್ತರ), ಕ್ಲೋಸ್ (ಮುಗಿಸುತ್ತೇನೆ ಅನ್ನುವುದು) ಇವು ಕಂಟ್ರೋಲ್ ಫ್ರೇಮ್‌ಗಳು. 125 ಬೈಟ್‌ಗಿಂತ ದೊಡ್ಡದಾಗಿರುವ ಹಾಗಿಲ್ಲ, ಅವುಗಳನ್ನು ಒಡೆಯುವ ಹಾಗೂ ಇಲ್ಲ. ಆದರೆ ದೊಡ್ಡ ಮೆಸೇಜಿನ ಎರಡು ಫ್ರೇಮ್‌ಗಳ ನಡುವೆ ನುಗ್ಗಿ ಬರಬಹುದು. ಅದಕ್ಕೇ ಅವನ್ನು ಮೊದಲೇ ಬದಿಗೆ ಸರಿಸಿದ್ದು. ಇಲ್ಲದಿದ್ದರೆ ಮೆಸೇಜಿನಲ್ಲಿ ಬರುವ ಜೇಸನ್ ಡೇಟಾದ ನಡುವೆ ಪಾಂಗ್‌ನ ಬೈಟ್ ಸೇರಿಕೊಂಡು, ಪಾರ್ಸರ್ ಯಾಕೆ ಬೈಯುತ್ತಿದೆ ಅಂತ ಗೊತ್ತೇ ಆಗುವುದಿಲ್ಲ.

ಬಫರ್ ದೊಡ್ಡದು ಮಾಡುವಾಗ ರಿಯಲಾಕ್ ಕೊಟ್ಟದ್ದನ್ನು ನೇರವಾಗಿ ಹಳೇ ಪಾಯಿಂಟರ್‌ಗೇ ಹಾಕಬೇಡಿ. ಮೆಮೊರಿ ಸಿಗದಿದ್ದರೆ ಅದು ನಲ್ ಕೊಡುತ್ತದೆ, ಹಳೇ ಬಫರ್‌ನ ವಿಳಾಸವೂ ಕೈತಪ್ಪುತ್ತದೆ. ಬೇರೆ ಪಾಯಿಂಟರ್‌ಗೆ ತೆಗೆದುಕೊಂಡು, ನೋಡಿ, ಆಮೇಲೆ ಬದಲಿಸಿ. ಪ್ರತಿ ಸಲ ಬೇಕಾದಷ್ಟೇ ಬೆಳೆಸುವ ಬದಲು ಇಮ್ಮಡಿ ಮಾಡುತ್ತಾ ಹೋಗಿ. ಒಂದು ಮಿತಿಯನ್ನೂ ಇಡಿ. ನಾನು ಸಾಮಾನ್ಯವಾಗಿ 1 ಎಂಬಿ ಇಡುತ್ತೇನೆ. ಸರ್ವರ್ ನಮ್ಮದೇ ಅಲ್ವಾ, ಮಿತಿ ಯಾಕೆ ಅಂತ ಅನ್ನಿಸಬಹುದು. ನಮ್ಮದೇ ಸರ್ವರ್‌ನಲ್ಲಿ ನಮ್ಮದೇ ಬಗ್ ಇರುತ್ತದೆ.

ಕೊನೆಗೆ ಹಿಂದಿರುಗಿಸುವ ಸಂಖ್ಯೆ. ಬಂದಷ್ಟೂ ಬೈಟ್ ತೆಗೆದುಕೊಂಡೆ ಅಂತ ಹೇಳಲು ಅದೇ ಉದ್ದವನ್ನು ಕೊಡಬೇಕು. ಪ್ರಿಂಟ್‌ಎಫ್ ಫಂಕ್ಷನ್ ಕೊಟ್ಟ ಸಂಖ್ಯೆಯನ್ನೋ, ಗೆದ್ದೆ ಅಂತ 0 ಅಥವಾ 1 ಅನ್ನೋ ಕೊಟ್ಟರೆ ಲಿಬ್‌ಕರ್ಲ್ ಅದನ್ನು ಬರೆಯಲು ಆಗಲಿಲ್ಲ ಅಂತ ತಿಳಿದು, ಕನೆಕ್ಷನ್ ಕಿತ್ತು, 23 ಅನ್ನುವ ತಪ್ಪು ಕೊಡುತ್ತದೆ. ಒಂದೇ ಮೆಸೇಜ್ ಬಂದು ಪ್ರೋಗ್ರಾಂ ನಿಂತುಹೋಗುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಇದನ್ನೇ. ನಿಜವಾಗಿಯೂ ನಿಲ್ಲಿಸಬೇಕಿದ್ದಾಗ ಬಳಸಲು ಕರ್ಲ್ ರೈಟ್‌ಫಂಕ್ ಎರರ್ (ಇದೂ ದೊಡ್ಡಕ್ಷರದಲ್ಲಿ) ಅನ್ನುವ ಬೆಲೆ 7.87.0ರಿಂದ ಇದೆ.

ಒಳಗೆ ಕೂತು ಅಡುಗೆ ಮಾಡಬೇಡಿ

ನನ್ನ ಎರಡನೇ ತಪ್ಪು ಇನ್ನೂ ಮಜವಾದದ್ದು. ಮೆಸೇಜ್ ಪೂರ್ತಿ ಆದ ತಕ್ಷಣ ಕಾಲ್‌ಬ್ಯಾಕ್ ಒಳಗೇ ಡೇಟಾಬೇಸ್‌ಗೆ ಬರೆಯುತ್ತಿದ್ದೆ. ಟೆಸ್ಟ್‌ನಲ್ಲಿ ಏನೂ ತೊಂದರೆ ಇರಲಿಲ್ಲ. ಒಂದು ದಿನ ಡಿಸ್ಕ್ ನಿಧಾನವಾಯಿತು, ಕನೆಕ್ಷನ್ ತಾನಾಗಿ ಬೀಳತೊಡಗಿತು. ಕ್ಲೋಸ್ ಫ್ರೇಮ್‌ನ ಮೊದಲ ಎರಡು ಬೈಟ್ ನೋಡಿದರೆ 3 ಮತ್ತು 243. ಇದು ಕ್ಲೋಸ್ ಕೋಡ್, ದೊಡ್ಡ ಬೈಟ್ ಮೊದಲು. ಮೂರನ್ನು 256ರಿಂದ ಗುಣಿಸಿ 243 ಸೇರಿಸಿದರೆ 1011. ಮಾಮೂಲಿ ಮುಗಿತಾಯ ಆಗಿದ್ದರೆ 1000 ಇರಬೇಕಿತ್ತು, ಅಂದರೆ 3 ಮತ್ತು 232.

ಆಗಿದ್ದು ಇಷ್ಟು. ಸರ್ವರ್ ಪೈಥಾನ್‌ನ ವೆಬ್‌ಸಾಕೆಟ್ಸ್ ಲೈಬ್ರರಿಯಲ್ಲಿತ್ತು. ಅದು ತಾನಾಗಿ 20 ಸೆಕೆಂಡಿಗೊಮ್ಮೆ ಪಿಂಗ್ ಕಳಿಸುತ್ತದೆ, ಇನ್ನೊಂದು 20 ಸೆಕೆಂಡಿನೊಳಗೆ ಪಾಂಗ್ ಬರದಿದ್ದರೆ 1011 ಕೊಟ್ಟು ಬಾಗಿಲು ಹಾಕುತ್ತದೆ. ಪಿಂಗ್‌ಗೆ ಉತ್ತರ ಕೊಡುವುದು ಲಿಬ್‌ಕರ್ಲ್‌ನ ಕೆಲಸ, ನಾವು ಕೈ ಹಾಕುವುದೇ ಬೇಡ, ಫ್ರೇಮ್‌ಗಳನ್ನು ಬಿಡಿಸದೆ ಹಾಗೇ ಕೊಡುವ ರಾ ಮೋಡ್ ಆನ್ ಮಾಡಿದ್ದರೆ ನಾವೇ ಕೊಡಬೇಕು. ಆದರೆ ಲಿಬ್‌ಕರ್ಲ್ ಉತ್ತರ ಕೊಡಬೇಕು ಅಂದರೆ ಅದಕ್ಕೆ ಓಡಲು ಅವಕಾಶ ಸಿಗಬೇಕಲ್ಲ? ಅದು ನನ್ನ ಫಂಕ್ಷನ್ ಯಾವಾಗ ಮುಗಿಯುತ್ತದೋ ಅಂತ ಕಾಯುತ್ತಾ ನಿಂತಿತ್ತು, ನಾನು ಡಿಸ್ಕ್‌ಗಾಗಿ ಕಾಯುತ್ತಿದ್ದೆ, ಸರ್ವರ್ ನಮ್ಮಿಬ್ಬರಿಗಾಗಿ ಕಾದು ಬೇಸತ್ತು ಹೋಯಿತು.

ಅದಕ್ಕೇ ಮೇಲಿನ ಕ್ರಮದಲ್ಲಿ ಕ್ಯೂಗೆ ಹಾಕು ಅಂತ ಬರೆದದ್ದು. ಒಂದು ಮ್ಯೂಟೆಕ್ಸ್, ಒಂದು ಕಂಡಿಷನ್ ವೇರಿಯಬಲ್, ಒಂದು ಲಿಂಕ್ಡ್ ಲಿಸ್ಟ್, ಸಾಕು. ಕಾಲ್‌ಬ್ಯಾಕ್ ಪೂರ್ತಿ ಮೆಸೇಜಿನ ಬಫರ್ ಅನ್ನೇ ಕ್ಯೂಗೆ ಒಪ್ಪಿಸಿ, ತನಗೆ ಹೊಸ ಬಫರ್ ಇಟ್ಟುಕೊಂಡು ಹೊರಗೆ ಬರಲಿ. ಬರೆಯುವ, ಪಾರ್ಸ್ ಮಾಡುವ ಕೆಲಸ ಬೇರೆ ಥ್ರೆಡ್‌ನದು. ದಿನಕ್ಕೆ ನಾಲ್ಕು ಮೆಸೇಜ್ ಬರುವ ಪ್ರೋಗ್ರಾಂ ಆದರೆ ಇಷ್ಟೆಲ್ಲ ಬೇಡ, ನಿಜ. ಆದರೆ ಕಾಲ್‌ಬ್ಯಾಕ್ ಒಳಗೆ ಸ್ಲೀಪ್ ಅಂತೂ ಬೇಡವೇ ಬೇಡ.

ಚಿಕ್ಕ ಉತ್ತರ ಕಳಿಸಬೇಕಿದ್ದರೆ ಕರ್ಲ್ ಡಬ್ಲ್ಯೂಎಸ್ ಸೆಂಡ್ ಅನ್ನು ಕಾಲ್‌ಬ್ಯಾಕ್ ಒಳಗಿಂದಲೇ ಕರೆಯಬಹುದು. ಅದೇ ಹ್ಯಾಂಡಲ್ ಮೇಲೆ ಮತ್ತೆ ಪರ್ಫಾರ್ಮ್ ಕರೆಯುವಂತಿಲ್ಲ, 93 ಅಂತ ತಪ್ಪು ಬರುತ್ತದೆ. ಕ್ಲೀನಪ್ ಕೂಡ ಒಳಗಿಂದ ಮಾಡಬೇಡಿ, ಕೂತ ಕೊಂಬೆಯನ್ನೇ ಕಡಿದ ಹಾಗೆ. ಆ ಹ್ಯಾಂಡಲ್ ಅನ್ನು ಒಂದೇ ಹೊತ್ತಿಗೆ ಎರಡು ಥ್ರೆಡ್‌ನಿಂದ ಮುಟ್ಟುವುದೂ ಇಲ್ಲ.

ಒಡೆದು ನೋಡುವ ಟೆಸ್ಟ್

ಅದೇ ಪೈಥಾನ್ ಲೈಬ್ರರಿಯಲ್ಲಿ ನಿಮ್ಮ ಮಷೀನ್‌ನಲ್ಲೇ ಹತ್ತು ಸಾಲಿನ ಸರ್ವರ್ ಬರೆದುಕೊಳ್ಳಿ. ಅದರ ಸೆಂಡ್‌ಗೆ ಒಂದು ಸ್ಟ್ರಿಂಗ್ ಬದಲು ಸ್ಟ್ರಿಂಗ್‌ಗಳ ಲಿಸ್ಟ್ ಕೊಟ್ಟರೆ ಒಂದೊಂದೂ ಬೇರೆ ಫ್ರೇಮ್ ಆಗಿ, ಎಲ್ಲ ಸೇರಿ ಒಂದೇ ಮೆಸೇಜ್ ಆಗಿ ಹೋಗುತ್ತದೆ. ಮೊದಲು 'ಕನ್ನಡ' ಅಂತ ಒಂದು ಪದ ಕಳಿಸಿ. ಆಮೇಲೆ ಮೂರು ಪದಗಳ ಲಿಸ್ಟ್. ಆಮೇಲೆ 'ಕ' ಅಕ್ಷರವನ್ನೇ 20000 ಸಲ, ಅಂದರೆ 60000 ಬೈಟ್. ಕಾಲ್‌ಬ್ಯಾಕ್‌ನಲ್ಲಿ ಪ್ರತಿ ಕರೆಗೂ ಉದ್ದ, ಆಫ್‌ಸೆಟ್, ಬಾಕಿ, ಫ್ಲಾಗ್ ಇವನ್ನು ಒಂದು ಸಾಲಿನಲ್ಲಿ ಪ್ರಿಂಟ್ ಮಾಡಿ. ಲಿಸ್ಟ್ ಕಳಿಸಿದಾಗ ಕೊನೆಯ ಫ್ರೇಮ್‌ಗೆ ಕಂಟ್ ಇಲ್ಲದಿರುವುದನ್ನು ನಿಮ್ಮ ವರ್ಷನ್‌ನಲ್ಲಿ ಕಣ್ಣಾರೆ ನೋಡಿಕೊಳ್ಳಿ. ದೊಡ್ಡದರಲ್ಲಿ ಬಾಕಿ ಇಳಿಯುತ್ತಾ ಸೊನ್ನೆಗೆ ಬರುವುದನ್ನು ನೋಡಿ. ತುಂಡುಗಳ ಉದ್ದ ಪ್ರತಿ ಸಲ ಒಂದೇ ಇರಬೇಕು ಅಂತೇನಿಲ್ಲ. ಮೆಮೊರಿಯ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಜರ್ ಹಾಕಿ ಕಂಪೈಲ್ ಮಾಡಿದರೆ ಸೊನ್ನೆ ಇಲ್ಲದ ಸ್ಟ್ರಿಂಗ್‌ನ ತಪ್ಪು ಇಲ್ಲೇ ಸಿಕ್ಕಿಬೀಳುತ್ತದೆ.

ನಿಲ್ಲಿಸುವುದು

ಪರ್ಫಾರ್ಮ್ ಒಳಗೆ ಕೂತಿರುವಾಗ ಕಂಟ್ರೋಲ್-ಸಿ ಒತ್ತಿದರೆ ಪ್ರೋಗ್ರಾಂ ದಡಾರನೆ ಬೀಳುತ್ತದೆ, ಕ್ಯೂನಲ್ಲಿ ಉಳಿದದ್ದೆಲ್ಲ ಹೋಗುತ್ತದೆ. ಇದಕ್ಕೆ ಇನ್ನೊಂದು ಕಾಲ್‌ಬ್ಯಾಕ್ ಬೇಕು, ಕರ್ಲಾಪ್ಟ್ ಎಕ್ಸ್‌ಫರ್‌ಇನ್ಫೋಫಂಕ್ಷನ್. ಡೇಟಾ ಏನೂ ಬರದಿದ್ದರೂ ಅದನ್ನು ಲಿಬ್‌ಕರ್ಲ್ ಸುಮಾರು ಸೆಕೆಂಡಿಗೊಮ್ಮೆ ಕರೆಯುತ್ತದೆ. ಸಿಗ್ನಲ್ ಹ್ಯಾಂಡ್ಲರ್‌ನಲ್ಲಿ ಒಂದು ಫ್ಲಾಗ್ ಎತ್ತಿ, ಈ ಕಾಲ್‌ಬ್ಯಾಕ್ ಅದನ್ನು ನೋಡಿ ಸೊನ್ನೆ ಅಲ್ಲದ ಸಂಖ್ಯೆ ಹಿಂದಿರುಗಿಸಲಿ. ಪರ್ಫಾರ್ಮ್ 42 ಅಂತ ಹೇಳಿ ಹೊರಗೆ ಬರುತ್ತದೆ. ಕರ್ಲಾಪ್ಟ್ ನೋಪ್ರೋಗ್ರೆಸ್‌ಗೆ ಸೊನ್ನೆ ಕೊಡದಿದ್ದರೆ ಇದನ್ನು ಕರೆಯುವುದೇ ಇಲ್ಲ, ಇಲ್ಲಿ ಎಲ್ಲರೂ ಒಮ್ಮೆ ಎಡವುತ್ತಾರೆ. ಆ ಸೊನ್ನೆ ಲಾಂಗ್ ಸೊನ್ನೆ ಆಗಿರಬೇಕು, ಹಿಂದೆ ಎಲ್ ಅಕ್ಷರ ಅಂಟಿಸಿ. ಸೆಟಾಪ್ಟ್ ಎಷ್ಟು ಬೇಕಾದರೂ ಆರ್ಗ್ಯುಮೆಂಟ್ ತೆಗೆದುಕೊಳ್ಳುವ ಜಾತಿಯ ಫಂಕ್ಷನ್, ನೀವು ಇಂಟ್ ಕೊಟ್ಟರೆ ಕಂಪೈಲರ್ ಅದನ್ನು ತಾನಾಗಿ ಲಾಂಗ್ ಮಾಡಿಕೊಡುವುದಿಲ್ಲ.

ಹೊರಗೆ ಬಂದ ಮೇಲೆ ಕ್ರಮ ಹೀಗಿರಲಿ. ಮೊದಲು ಇನ್ನು ಮೆಸೇಜ್ ಬರುವುದಿಲ್ಲ ಅಂತ ಕ್ಯೂಗೆ ಹೇಳಿ, ಆ ಥ್ರೆಡ್ ಉಳಿದದ್ದನ್ನು ಮುಗಿಸುವವರೆಗೆ ಕಾಯಿರಿ. ಆಮೇಲೆ ಕರ್ಲ್ ಈಸಿ ಕ್ಲೀನಪ್. ಡಬ್ಬಿಯ ಬಫರ್ ಅನ್ನು ಫ್ರೀ ಮಾಡುವುದು ಅದಾದ ಮೇಲೆ, ಮುಂಚೆ ಅಲ್ಲ.